ದೆವ್ವದ ಪಾಣಿಗ್ರಹಣ

ನಾನು 32 ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವಳು. ಪ್ರತಿ ವರ್ಷವೂ ಎಂಟನೇ ಕ್ಲಾಸಿನ ಯಾವನಾದರೂ ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ದೆವ್ವ ಇದೆಯಾ?” ಎಂದು ಕೇಳುತ್ತಿದ್ದ. ಅವತ್ತಿನ ಪಾಠ ಬೆಳಕಿನ ವಕ್ರೀಭವನವಿರಲಿ, ಎರೆಹುಳುವಿನ ಜೀರ್ಣಾಂಗವಿರಲಿ, ಅದನ್ನು ಬದಿಗೆ ಸರಿಸಿ, ಸೀಮೆಸುಣ್ಣ ಕೆಳಗಿಟ್ಟು, ಇಡೀ ಪೀರಿಯಡ್ಡು ದೆವ್ವವಿಲ್ಲವೆಂದು ಸಾಧಿಸುತ್ತಿದ್ದೆ. ಪಾಠ ತಪ್ಪಿಸಲೆಂದೇ ಹುಡುಗರು ಸರದಿ ಹಾಕಿಕೊಂಡು ಕೇಳುತ್ತಿದ್ದರಂತೆ. ಇದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ, ಅದೂ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ, ಈಗ ಎರಡು ಮಕ್ಕಳ ತಂದೆಯಾಗಿರುವ ಅಂಥ ಹುಡುಗನೊಬ್ಬನಿಂದ. 1976ರಲ್ಲಿ ಎಚ್. ನರಸಿಂಹಯ್ಯನವರು ಬೆಂಗಳೂರು ವಿಶ್ವವಿದ್ಯಾಲಯದ ಉಪಕುಲಪತಿಯಾಗಿದ್ದಾಗ ಪವಾಡಗಳ ತನಿಖೆಗೆ ಸಮಿತಿ ಮಾಡಿದರಲ್ಲ, ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ರಟ್ಟಿಗೆ ಅಂಟಿಸಿಟ್ಟುಕೊಂಡಿದ್ದ ಹುಡುಗಿ ನಾನು. ಅಂದರೆ ನನ್ನ ನಂಬಿಕೆ, ಅಲ್ಲ, ಅಪನಂಬಿಕೆ ನಿನ್ನೆ ಮೊನ್ನೆಯದಲ್ಲ.

ಇಂಥ ನಾನು ಕಳೆದ ಅಕ್ಟೋಬರಿನ ಒಂದು ಶನಿವಾರ ರಾತ್ರಿ, ಅಮೆರಿಕದ ಒಹಾಯೋ ರಾಜ್ಯದ ಒಂದು ಅಮ್ಯೂಸ್‌ಮೆಂಟ್ ಪಾರ್ಕಿನಲ್ಲಿ, ಕಟ್ಟಿಕೊಂಡ ಗಂಡ ಕಲ್ಲುಗುಂಡಿನ ಹಾಗಿರುವಾಗಲೇ, ಒಂದು ದೆವ್ವದ ಕೈ ಹಿಡಿದೆ. ಕೈ ಹಿಡಿಯುವುದೆಂದರೆ ನಮ್ಮ ಕಡೆ ಏನರ್ಥ ಎಂದು ಗೊತ್ತಿದ್ದೇ ಹೇಳುತ್ತಿದ್ದೇನೆ.

ಮಗನ ಮನೆಗೆ ನಾವು ಹೋಗಿಳಿದಾಗ ಇಲ್ಲಿ ಮಹಾಲಯ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಲ್ಲಿ ಬೀದಿಗೆ ಬೀದಿಯೇ ಹ್ಯಾಲೋವೀನಿಗೆ ಸಜ್ಜಾಗುತ್ತಿತ್ತು. ಹಬ್ಬ ಅಕ್ಟೋಬರ್ 31ಕ್ಕಾದರೂ ಅಷ್ಟು ಮುಂಚೆಯೇ ಮನೆಮನೆಯ ಮೆಟ್ಟಿಲ ಮೇಲೆ ಕುಂಬಳಕಾಯಿ ಕೂತುಬಿಟ್ಟಿದ್ದವು. “ಇವರ ಪಿತೃಪಕ್ಷ ಪರವಾಗಿಲ್ಲ, ಕಾಗೆ ಕಾಯೋದಿಲ್ಲ, ಮಕ್ಕಳಿಗೆ ಚಾಕಲೇಟು ಕೊಟ್ಟರೆ ಮುಗೀತು,” ಎಂದರು ನಮ್ಮವರು. ಎದುರು ಮನೆಯವರು 12 ಅಡಿ ಎತ್ತರದ ಪ್ಲಾಸ್ಟಿಕ್ ಅಸ್ಥಿಪಂಜರ ನಿಲ್ಲಿಸಿದ್ದರು. ಅದನ್ನು ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ಅಂಗಡಿಯಲ್ಲಿ ಕಂಡ ಜೇಡದ ಅಸ್ಥಿಪಂಜರ. ಜೇಡಕ್ಕೆ, ಸ್ವಾಮಿ, ಒಳಗೆ ಮೂಳೆಯೇ ಇಲ್ಲ! ಅದರ ಹೊರಗಿನ ಕವಚವೇ ಅದರ ಅಸ್ಥಿಪಂಜರ. ಇವರು ಅದಕ್ಕೆ ಬೆನ್ನುಮೂಳೆ ಕೊಟ್ಟು, ಪಕ್ಕೆಲುಬು ಕೊಟ್ಟು, ಮನುಷ್ಯನದರಂಥ ತಲೆಬುರುಡೆಯನ್ನೂ ದಯಪಾಲಿಸಿದ್ದರು. ಪಕ್ಕದಲ್ಲೇ ನಾಯಿಯ ಅಸ್ಥಿಪಂಜರ, ಅದಕ್ಕೆ ನಿಗುರಿ ನಿಂತ ಮೂಳೆಯ ಕಿವಿ! ಹೊರಗಿವಿಯಲ್ಲಿ ಇರುವುದು ಮೃದ್ವಸ್ಥಿ ಎಂದು ನಾನು ಆ ಅಂಗಡಿಯ ಹುಡುಗಿಗೆ ಬಿಡಿಸಿ ಹೇಳುತ್ತಿದ್ದರೆ ಸೊಸೆ ನನ್ನ ಸೆರಗು ಜಗ್ಗಿ, “ಅತ್ತೆ, ಅವಳು ಬಿಲ್ ಹಾಕೋಳು, ಮಾಡಿದೋಳಲ್ಲ,” ಎಂದಳು.

ಪಾರ್ಕಿಗೆ ಹೋಗುವ ಹಟ 13 ವರ್ಷದ ಮೊಮ್ಮಗನದು. ಬೇಸಗೆ ಮುಗಿದು ಶಾಲೆ ಶುರುವಾದರೆ ಪಾರ್ಕುಗಳು ಬಣಗುಡುತ್ತವೆ, ಹಾಗಾಗಿ ಶರತ್ಕಾಲದ ವಾರಾಂತ್ಯಗಳಲ್ಲಿ ದೆವ್ವಗಳನ್ನು ಬಿಟ್ಟು ಜನ ಸೇರಿಸುತ್ತಾರೆ ಎಂದು ಮಗ ಕಾರಿನಲ್ಲಿ ವಿವರಿಸಿದ. ಇದಕ್ಕೆ ದೊಡ್ಡ ಹೆಸರು ಕ್ಯಾಲಿಫೋರ್ನಿಯಾದ ನಾಟ್ಸ್ ಬೆರ್ರಿ ಫಾರ್ಮಿನದು, 1973ರಿಂದ ನಡೆಸುತ್ತಿದ್ದಾರೆ. ಹೆಸರೇ ಹೇಳುವಂತೆ ಅದು ಮೊದಲು ಹಣ್ಣಿನ ತೋಟ. ಗಂಡ ಬೆರ್ರಿ ಬೆಳೆಯುತ್ತಿದ್ದ, ಹೆಂಡತಿ ಕೋಳಿ ಕರಿದು ಬಡಿಸುತ್ತಿದ್ದಳು. ಆಮೇಲೆ ಅದು ಪಾರ್ಕಾಯಿತು, ಆಮೇಲೆ ದೆವ್ವ ಬಂದವು. ನಮ್ಮವರು ಅಡಿಕೆ ಬೆಳೆಗಾರರು. ಸುಮ್ಮನೆ ಕೇಳಿಸಿಕೊಂಡು, ಐದು ಮೈಲಿ ಕಳೆದ ಮೇಲೆ, “ಕೊಳೆರೋಗ ಬಂದ ವರ್ಷ ನಾವೂ ತೋಟಕ್ಕೆ ದೆವ್ವ ಬಿಡೋದೇ ಸೈ,” ಎಂದರು.

ಗೇಟಿನಲ್ಲಿ ಬ್ಯಾಗು ತಪಾಸಣೆ. ಹೊರಗಿನ ತಿಂಡಿ ಒಳಗೆ ತರುವಂತಿಲ್ಲವೆಂದು ಚಿತ್ರಾನ್ನದ ಡಬ್ಬಿ ಮತ್ತೆ ಕಾರಿಗೆ ಹೋಯಿತು. ಸೊಸೆಯ ಹಳೆಯ ಕೋಟಿನ ಒಳಜೇಬಿನಲ್ಲಿದ್ದ ಕೋಡುಬಳೆಯ ಪೊಟ್ಟಣ ಯಾರ ಕಣ್ಣಿಗೂ ಬೀಳಲಿಲ್ಲ. ರೋಲರ್ ಕೋಸ್ಟರಿನ ವಿಷಯ ಬರೆಯುವುದಿಲ್ಲ. ನಮ್ಮವರು ಅದರ ನೆತ್ತಿಯ ಮೇಲಿಂದ ಸಿಗಂದೂರು ಚೌಡೇಶ್ವರಿಯನ್ನು ಕೂಗಿದ ರೀತಿಗೆ ಅವಳು ಬಂದಿದ್ದರೂ ಆಶ್ಚರ್ಯವಿರಲಿಲ್ಲ ಎಂದಷ್ಟು ಹೇಳಿದರೆ ಸಾಕು.

ಕತ್ತಲಾದ ಮೇಲೆ ದೆವ್ವದ ಮನೆಯ ಮುಂದೆ ಸಾಲು. ಬಾಗಿಲ ಪಕ್ಕದ ಫಲಕದಲ್ಲಿ ನಿಯಮ ಬರೆದಿದ್ದರು: ದೆವ್ವಗಳು ನಿಮ್ಮನ್ನು ಮುಟ್ಟುವುದಿಲ್ಲ, ನೀವೂ ಅವನ್ನು ಮುಟ್ಟಬಾರದು. ಒಟ್ಟಿನಲ್ಲಿ ಮಡಿ ದೆವ್ವಗಳು. ಸಾಲಿನಲ್ಲಿ ಕಳೆದ ಮುಕ್ಕಾಲು ಗಂಟೆಯನ್ನು ನಾನು ವ್ಯರ್ಥ ಮಾಡಲಿಲ್ಲ. ಮೊಮ್ಮಗನಿಗೆ ಅಡ್ರಿನಲಿನ್ ಬಗ್ಗೆ ಹೇಳಿದೆ. ಒಳಗಿನ ಹೊಗೆ ಹೊಗೆಯೇ ಅಲ್ಲ, ಗ್ಲೈಕಾಲ್ ಬೆರೆಸಿದ ನೀರನ್ನು ಕಾಯಿಸಿ ಬಿಟ್ಟ ಮಂಜು ಎಂದೆ. ಗರಗಸ ಹಿಡಿದು ಬರುವವನ ಗರಗಸಕ್ಕೆ ಚೈನೇ ಇರುವುದಿಲ್ಲ, ಬರೀ ಮೋಟರಿನ ಸದ್ದು ಎಂದೆ. ಮುಂದೆ ನಿಂತಿದ್ದ ಯಾರದೋ ಮನೆಯ ಹುಡುಗಿ ಹಿಂದಿರುಗಿ ನೋಡಿದಳು. ಪಾಪ, ಅವಳಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಈ ಮುದುಕಿ ಏನೋ ಹಾಳು ಮಾಡುತ್ತಿದ್ದಾಳೆಂದು ತಿಳಿದಿತ್ತು. ಬಾಗಿಲ ಹತ್ತಿರ ಬಂದಾಗ ನಮ್ಮವರು, “ನೀವು ನಡೀರಿ, ಲೇಸು ಬಿಚ್ಚಿದೆ, ಕಟ್ಟಿಕೊಂಡು ಬಂದೆ,” ಎಂದು ಬಗ್ಗಿದರು.

ಒಳಗೆ ಕಣ್ಣಿಗೆ ಬೆರಳಿಟ್ಟರೂ ಕಾಣದ ಕತ್ತಲೆ. ನನ್ನ ಪಾಠ ನಡೆದೇ ಇತ್ತು. ‘ಇದು ಸ್ಟ್ರೋಬ್ ಲೈಟು, ಬಿಟ್ಟು ಬಿಟ್ಟು ಹೊಳೆಯೋದರಿಂದ ಅವರು ಹಾರಿ ಹಾರಿ ಬಂದ ಹಾಗೆ ಕಾಣುತ್ತೆ, ಈಗ ನೋಡು, ಗೋಡೆಯಲ್ಲಿ ಎಲ್ಲೋ ಕಿಟಕಿ ಇರುತ್ತೆ, ಅಲ್ಲಿಂದ...’ ಅಲ್ಲಿಂದಲೇ. ಧಡಾರನೆ ಹಲಗೆ ಬಿತ್ತು, ಕಿವಿಯ ಹತ್ತಿರ ಬುಸ್ಸೆಂದು ಗಾಳಿ ಹೊಡೆಯಿತು. ಬೆಚ್ಚುವುದು ಮೆದುಳಿನ ವಿಚಾರಶಕ್ತಿಯನ್ನು ಕೇಳಿ ಆಗುವ ಕೆಲಸವಲ್ಲ, ಅರಿವಿಗೆ ಬರುವ ಮೊದಲೇ ಮೈ ಹಾರಿರುತ್ತದೆ. ಇದನ್ನೂ ಪಾಠ ಮಾಡಿದ್ದೇನೆ. ಆದರೆ ಆಗ ನಾನು ಪಾಠವಾಗಿರಲಿಲ್ಲ, ಉದಾಹರಣೆಯಾಗಿದ್ದೆ. ಪಕ್ಕಕ್ಕೆ ಕೈ ಚಾಚಿದೆ, ಒಂದು ಕೈ ಸಿಕ್ಕಿತು, ಗಟ್ಟಿಯಾಗಿ ಹಿಡಿದೆ.

39 ವರ್ಷದ ಸಂಸಾರದಲ್ಲಿ ಗಂಡನ ಕೈ ಗುರುತಾಗುವುದಿಲ್ಲವೇ ಎಂದು ಕೇಳಬೇಡಿ. ಕೈ ತಣ್ಣಗಿತ್ತು, ಹೊರಗೆ ಚಳಿ ಎಂದುಕೊಂಡೆ. ಒರಟಾಗಿತ್ತು, ತೋಟದ ಕೆಲಸದ ಕೈ ಎಂದುಕೊಂಡೆ. ಉಗುರು ಉದ್ದವಿತ್ತು. ಇಲ್ಲಿ ಮಾತ್ರ ನನಗೆ ಸಿಟ್ಟು ಬಂತು. “ಬೆಳಗ್ಗೆಯಿಂದ ಬಡಕೊಂಡೆ, ಉಗುರು ತೆಗೀರಿ, ಉಗುರು ತೆಗೀರಿ ಅಂತ. ಹೇಗಿದೆ ನೋಡಿ, ಕರಡಿಗೆ ಬೆಳೆದ ಹಾಗೆ!” ಎಂದು ಬಯ್ದೆ. ಬಯ್ದರೆ ತಿರುಗಿ ಬೀಳುವುದು ನಮ್ಮವರ ಜಾಯಮಾನ, ಅವತ್ತು ಕೈ ಮಾತಾಡಲಿಲ್ಲ. ಪರದೇಶಕ್ಕೆ ಬಂದ ಮೇಲೆ ಮನುಷ್ಯ ಸುಧಾರಿಸಿದ್ದಾರೆ ಎಂದು ಸಮಾಧಾನವಾಯಿತು. ಹಿಡಿದುಕೊಂಡೇ ನಡೆದೆ. ಒಂದು ಕೋಣೆ ದಾಟಿದೆವು, ಅದರಲ್ಲಿ ಯಾರೋ ಯಾರದೋ ಕರುಳು ತೆಗೆಯುತ್ತಿದ್ದರು. ಇನ್ನೊಂದು ಕೋಣೆ, ಅಲ್ಲಿ ಜೋತುಬಿದ್ದ ಬಟ್ಟೆಗಳ ನಡುವೆ ನುಸುಳಬೇಕು. ಕೈ ನನ್ನನ್ನು ಹಿಂದಕ್ಕೆ ಎಳೆಯುತ್ತಿತ್ತು. “ಹೆದರಬೇಡಿ, ನಾನಿದ್ದೀನಲ್ಲ,” ಎಂದೆ. ಸಪ್ತಪದಿಗೆ ಬೇಕಾದ್ದು ಏಳು ಹೆಜ್ಜೆ. ನಾವು ಇಪ್ಪತ್ತಾದರೂ ನಡೆದಿದ್ದೆವು, ಹೋಮದ ಬದಲು ಗ್ಲೈಕಾಲ್ ಮಂಜು, ವಾಲಗದ ಬದಲು ಕಿರುಚಾಟ. ಶಾಸ್ತ್ರಕ್ಕೆ ಯಾವ ಕೊರತೆಯೂ ಆಗಲಿಲ್ಲ.

ಆಗ ದೀಪ ಹೊಳೆಯಿತು. ನನ್ನ ಕೈಯಲ್ಲಿದ್ದ ಕೈಯ ಮೇಲೆ ತೋಳು, ತೋಳಿನ ಮೇಲೆ ಭುಜ, ಭುಜದ ಮೇಲೆ ಅರ್ಧ ಕೊಳೆತು ಕೆನ್ನೆ ಜೋತುಬಿದ್ದ ಒಂದು ಮುಖ. ನಾನು ಕಿರುಚಿದೆ. ಅದೂ ಕಿರುಚಿತು. ಯಾರದು ಕಸುಬಿನ ಕಿರುಚಾಟ, ಯಾರದು ನಿಜದ್ದು ಎಂದು ಹೇಳುವಂತಿರಲಿಲ್ಲ. ಬುದ್ಧಿವಂತರು ಈ ಹಂತದಲ್ಲಿ ಕೈ ಬಿಡುತ್ತಾರೆ. ನಾನು ಇನ್ನೊಂದು ಕೈಯನ್ನೂ ಹಿಡಿದೆ. ಏಕೆಂದರೆ ಅದೇ ಹೊತ್ತಿಗೆ ಎದುರಿನಿಂದ ಗರಗಸದವನು ಬಂದ. ಚೈನಿಲ್ಲದ, ಬರೀ ಮೋಟರು ಎಂದು ನಾನೇ ಹೇಳಿದ್ದ ಗರಗಸ. ನಾನು ಆ ದೆವ್ವವನ್ನು ಗರಕ್ಕನೆ ತಿರುಗಿಸಿ, ಗುರಾಣಿಯ ಹಾಗೆ ಮುಂದಿಟ್ಟುಕೊಂಡು, ಅದರ ಬೆನ್ನಿಗೆ ಮುಖ ಒತ್ತಿ ನಿಂತೆ. ಗರಗಸ ತಬ್ಬಿಬ್ಬಾಯಿತು. ತನ್ನವನ ಮೇಲೆಯೇ ಹಾಯುವುದು ಹೇಗೆ? ಮೋಟರು ಆರಿಸಿ, ಬಗ್ಗಿ, ಏನು ಸಮಾಚಾರ ಎಂಬಂತೆ ನೋಡಿತು.

ನನ್ನ ದೆವ್ವ ಮೆಲ್ಲಗೆ ಹೇಳಿತು. ಇಂಗ್ಲಿಷಿನಲ್ಲಿ, ತುಂಬ ವಿನಯದಿಂದ. ಅಮ್ಮಾ, ನನ್ನದು ಮೊದಲನೇ ಕೋಣೆ, ನಾನು ಇಲ್ಲಿಯವರೆಗೆ ಬರುವ ಹಾಗಿಲ್ಲ, ಆದರೆ ನಿಮ್ಮನ್ನು ಮುಟ್ಟುವ ಹಾಗೂ ಇಲ್ಲ. ಅದಕ್ಕೇ ಬಿಡಿಸಿಕೊಳ್ಳಲಾರದೆ ಬಂದುಬಿಟ್ಟೆ. ನಿಯಮ ಮುರಿದವಳು ನಾನು, ಪಾಲಿಸಿದ್ದು ದೆವ್ವ.

ಧ್ವನಿ ಎಳೆಯದು. ಹತ್ತೊಂಬತ್ತೋ ಇಪ್ಪತ್ತೋ. ಆ ವಯಸ್ಸಿನ ಧ್ವನಿ ಕೇಳಿದರೆ ನನ್ನ ಬಾಯಿಂದ ತಾನಾಗಿ ಬರುವ ಪ್ರಶ್ನೆಗಳು ಎರಡೇ: ಏನು ಓದುತ್ತಿದ್ದೀಯ, ಊಟ ಆಯ್ತಾ? ಕಾಲೇಜಂತೆ, ವಾರಾಂತ್ಯಕ್ಕೆ ಈ ಕೆಲಸವಂತೆ. ಊಟ ಬಿಡುವು ಸಿಕ್ಕಮೇಲಂತೆ. ರಾತ್ರಿ ಅಷ್ಟು ಹೊತ್ತಾದರೂ ಮಗು ಉಂಡಿಲ್ಲ! ಕೋಟಿನ ಒಳಜೇಬಿಗೆ ಕೈ ಹಾಕಿ ಪೊಟ್ಟಣ ಬಿಚ್ಚಿದೆ. ಹಿಡಿಯಲು ಅದಕ್ಕೆ ಆ ಸುಡುಗಾಡು ಉಗುರು ಅಡ್ಡ ಬಂತು. ಸರಿ, ಎಲ್ಲ ಮಕ್ಕಳೂ ಮಾಡುವುದನ್ನೇ ಮಾಡಿದೆ, ಕೋಡುಬಳೆಯನ್ನು ಬೆರಳಿಗೆ ಉಂಗುರದ ಹಾಗೆ ತೊಡಿಸಿದೆ. ಪಾಣಿಗ್ರಹಣ, ಸಪ್ತಪದಿ, ಉಂಗುರ. ಗರಗಸ ಸಾಕ್ಷಿ. ಗರಗಸಕ್ಕೂ ಒಂದು ಕೊಟ್ಟೆ.

ಹೊರಗೆ ಬಂದಾಗ ಮೊಮ್ಮಗ ಮುಖ ಮುಚ್ಚಿಕೊಂಡು ನಿಂತಿದ್ದ. ನಗುತ್ತಿದ್ದನೋ ನಾಚಿಕೊಂಡಿದ್ದನೋ ಗೊತ್ತಾಗಲಿಲ್ಲ. “ಇನ್ನೊಂದು ಮನೆ ಇದೆ ಅಜ್ಜಿ, ಬಾ,” ಎಂದ. ನಾನೂ ಹುರುಪಿನಲ್ಲಿದ್ದೆ, ಹೊರಟೆ. ಬಾಗಿಲ ಮೇಲಿನ ಬೋರ್ಡು ಓದುವವರೆಗೆ.

ಅದು ಹಳೆಯ ಹುಚ್ಚಾಸ್ಪತ್ರೆ. ಅಂದರೆ ಹಾಗೆ ಮಾಡಿದ್ದರು. ಬಾಗಿಲಿಗೆ ಒಂದು ಗೊಂಬೆ, ಎರಡೂ ಕೈ ಹಿಂದಕ್ಕೆ ಕಟ್ಟಿದ ಅಂಗಿ, ಕೆದರಿದ ತಲೆ, ಬಾಯಿ ತೆರೆದು ನಗುತ್ತಿತ್ತು. “ನೀವು ಹೋಗಿ ಬನ್ನಿ, ನನಗೆ ಕಾಲು ನೋವು,” ಎಂದು ಬೆಂಚಿನ ಮೇಲೆ ಕೂತೆ.

ನನ್ನ ಚಿಕ್ಕಮ್ಮನಿಗೆ ಎರಡನೇ ಬಾಣಂತನದಲ್ಲಿ ನಿದ್ದೆ ಹೋಯಿತು. ಆಮೇಲೆ ಮಾತು ಹೆಚ್ಚಾಯಿತು, ಆಮೇಲೆ ಮಗುವನ್ನು ನನ್ನದಲ್ಲ ಎಂದಳು. ಮೈಮೇಲೆ ಬಂದಿದೆ ಎಂದರು. ಬಿಡಿಸುವವನನ್ನು ಕರೆಸಿದರು. ಮೆಣಸಿನಕಾಯಿ ಹೊಗೆ, ಹುಣಸೆ ಬರಲು. “ಬಿಟ್ಟು ಹೋಗ್ತೀಯೋ ಇಲ್ವೋ?” ಎಂದು ಅವನು ಕೇಳುತ್ತಿದ್ದ. ಅವಳು, ಎಲ್ಲಿಗೆ ಹೋಗಲಿ, ಇದೇ ನನ್ನ ಮನೆ ಎನ್ನುತ್ತಿದ್ದಳು. ನಾನು ಆಗ ಆರನೇ ಕ್ಲಾಸು, ಅಡಿಕೆ ಚಾಪೆಯ ಹಿಂದೆ ಕೂತು ಕೇಳಿಸಿಕೊಂಡೆ. ಕೊನೆಗೆ ಸೋದರಮಾವ ಹಟ ಹಿಡಿದು ಧಾರವಾಡದ ಆಸ್ಪತ್ರೆಗೆ ಕರೆದುಕೊಂಡು ಹೋದ. ಕೆಲವು ತಿಂಗಳಿಗೆ ನೆಟ್ಟಗಾಗಿ ಬಂದಳು. ಆದರೂ ಊರಿನವರು ಸಾಯುವ ತನಕ ಅವಳನ್ನು ‘ಧಾರವಾಡದವಳು’ ಎಂದೇ ಕರೆದರು. ಬರಲು ಬೀಸಿದವನಿಗೆ ಅಡ್ಡಹೆಸರಿರಲಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು ಅಪರಾಧವೆನ್ನುವ ಕಾಯಿದೆ ನಮ್ಮ ರಾಜ್ಯದಲ್ಲಿ ಪಾಸಾದದ್ದು 2017ರಲ್ಲಿ.

ಆ ರಾತ್ರಿ ಬೆಂಚಿನ ಮೇಲೆ ನನಗೆ ಸಿಟ್ಟೇ ಬಂದಿತ್ತು. ನಾಟ್ಸ್‌ನವರೂ 2016ರಲ್ಲಿ ಮನೋರೋಗಿಯನ್ನು ದೆವ್ವ ಮಾಡಿದ ಒಂದು ಆಟ ಇಟ್ಟು, ರೋಗಿಗಳ ಮನೆಯವರೂ ಮಾನಸಿಕ ಆರೋಗ್ಯದ ಸಂಘಟನೆಗಳೂ ಜಗಳ ತೆಗೆದ ಮೇಲೆ ನಿಲ್ಲಿಸಿದರಂತೆ. ಇದನ್ನು ಮಗ ಆಮೇಲೆ ಹುಡುಕಿ ಹೇಳಿದ. ಕೊಳೆತ ಮುಖ ಮಾಡಲಿ, ಜೇಡಕ್ಕೆ ಬೇಕಾದರೆ ಮೂಳೆಯನ್ನೂ ಕೊಡಲಿ. ನನ್ನ ಚಿಕ್ಕಮ್ಮನನ್ನು ಬಾಗಿಲಿಗೆ ಕಟ್ಟುವುದು ಬೇಡ.

ಅಷ್ಟರಲ್ಲಿ ನಮ್ಮವರು ಬಂದರು, ಮೀಸೆಯ ತುಂಬ ಸಕ್ಕರೆ ಪುಡಿ. ಜಿಲೇಬಿಯ ಹಾಗೆ ಸುತ್ತಿ ಕರಿದ ಫನಲ್ ಕೇಕು ಅವರ ಕೈಯಲ್ಲಿತ್ತು. ದೆವ್ವದ ಮನೆಯೊಳಕ್ಕೆ ಅವರು ಕಾಲೇ ಇಟ್ಟಿರಲಿಲ್ಲ. ನಾನು ಅವರ ಶೂ ನೋಡಿದೆ. ಅದಕ್ಕೆ ಲೇಸೇ ಇರಲಿಲ್ಲ, ಎಳೆದು ಅಂಟಿಸುವ ಪಟ್ಟಿ. ಬಯ್ಯಬೇಕೆಂದು ಬಾಯಿ ತೆರೆದೆ. ಅವರು ನನ್ನ ಮುಖ ನೋಡಿದರು, ಎದುರಿನ ಬಾಗಿಲ ಗೊಂಬೆ ನೋಡಿದರು, ಗೊಂಬೆ ಕಾಣದ ಹಾಗೆ ನನ್ನ ಮುಂದೆ ಅಡ್ಡ ನಿಂತು ಕೇಕಿನ ದೊಡ್ಡ ಅರ್ಧ ಮುರಿದುಕೊಟ್ಟರು. ತಿಂದೆ. ಎಣ್ಣೆ ಜಾಸ್ತಿ.

ಮರುದಿನ ಬೆಳಗ್ಗೆ ಊರಿಗೆ ಫೋನು. ತಮ್ಮನ ಹತ್ತಿರ ನಮ್ಮವರು ಹೇಳುತ್ತಿದ್ದರು: “ಇವಳಿಗೆ ಭಯ ಮಾರಾಯಾ, ಒಳಗೆ ಪೂರಾ ನನ್ನ ಕೈ ಬಿಡಲಿಲ್ಲ.” ನಾನು ಏನೂ ಹೇಳಲಿಲ್ಲ. ಸೊಸೆಯ ಕೋಣೆಯಿಂದ ನೇಲ್‌ಕಟರ್ ತಂದು ಅವರ ಮುಂದಿಟ್ಟೆ.