ಹತ್ತಿಯ ಹಿಮಪಾತ

ಮಂಗಳೂರಿನಲ್ಲಿ ಡಿಸೆಂಬರ್ ಮಾಸವು ಶೀತಕಾಲವೆಂಬುದು ಪಠ್ಯಪುಸ್ತಕದ ಆಜ್ಞೆಯೇ ಹೊರತು ಪ್ರಕೃತಿಯ ಸಮ್ಮತಿಯಲ್ಲ. ಆದರೂ ಕಡಲ ಸೆಕೆಯಲ್ಲಿ ಬೆವರೊರಸಿಕೊಳ್ಳುತ್ತ, ಪಾದ್ರಿಗಳ ಪ್ರೌಢಶಾಲೆಯೊಂದರ ಜಗಲಿಯಲ್ಲಿ ಬಾಲಕರು ಕ್ರಿಸ್‌ಮಸ್ ಗೋದಲಿಯ ಮೇಲೆ ಹಿಮ ಸುರಿಸುತ್ತಿದ್ದ ವೇಳೆಗೆ ಸರಿಯಾಗಿ, ಮುಖ್ಯೋಪಾಧ್ಯಾಯರಾದ ಫಾದರ್ ಚಿತ್ತೈಸಿದರು.

"ಈ ಹಿಮ ಎಲ್ಲಿಂದ ಬಂದಿತಪ್ಪ?"

"ಪ್ರಥಮಚಿಕಿತ್ಸೆಯ ಪೆಟ್ಟಿಗೆಯಿಂದ, ಫಾದರ್. ಹತ್ತಿ ಮುಗಿದುದರಿಂದ, ಹೊಸ ವರ್ಷದವರೆಗೆ ಯಾರೂ ಬಿದ್ದು ಗಾಯ ಮಾಡಿಕೊಳ್ಳಕೂಡದೆಂದು ಮಾನಿಟರನ ಅಪ್ಪಣೆಯಾಗಿದೆ."

"ಸಂತ ಫ್ರಾನ್ಸಿಸರು 1223ರಲ್ಲಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಗೋದಲಿ ರಚಿಸಿದಾಗ ಜೀವಂತ ಎತ್ತು ಕತ್ತೆಗಳನ್ನೇ ನಿಲ್ಲಿಸಿದ್ದರು, ಬಲ್ಲಿರಾ?"

"ಬಲ್ಲೆವು, ಫಾದರ್. ಎತ್ತು ದೊರೆಯಲಿಲ್ಲ. ಎರಡನೆಯದಕ್ಕೆ ಗಣಿತದ ಮೇಷ್ಟ್ರು ದಿನವೂ ನಮ್ಮಲ್ಲೇ ಕೆಲವರನ್ನು ಹೆಸರಿಸುತ್ತಾರೆ."

ಫಾದರ್ ಕೆಮ್ಮಿದರು. ಗೋದಲಿಗೆಂದು ತೆಂಗಿನ ಚಿಪ್ಪುಗಳಲ್ಲಿ ಬಿತ್ತಿದ್ದ ರಾಗಿಯ ಪೈರು ಬೆರಳುದ್ದ ಬೆಳೆದು ನಿಂತಿತ್ತು. ಆ ವರ್ಷ ಆ ಶಾಲೆಯಲ್ಲಿ ಹೇಳಿದಂತೆ ಕೇಳಿ ಬೆಳೆದದ್ದು ಅದೊಂದೇ ಎಂದು ನನ್ನ ಗುಮಾನಿ.

"ಕ್ರಿಸ್‌ಮಸ್‌ಗೆ ಮುಂಚಿನ ಈ ಆಗಮನಕಾಲವು ಸಂಯಮದ ಕಾಲ. ನಾಲ್ಕು ಭಾನುವಾರಗಳ ನಾಲ್ಕು ಮೇಣದ ಬತ್ತಿಗಳು ಏನನ್ನು ಬೋಧಿಸುತ್ತವೆ?"

"ನಾಲ್ಕನೆಯದು ಹೊತ್ತಿದೊಡನೆ ರಜೆಯೆಂಬುದನ್ನು, ಫಾದರ್."

"ತ್ಯಾಗದ ವಿಚಾರ?"

"ಮಾಡಿದ್ದೇವೆ. ನೆವ್ರ್ಯೊ, ಕಿಡ್ಯೊ, ಗುಳಿಯೊಗಳಿಂದ ತುಂಬಿ ತುಳುಕುತ್ತಿದ್ದ ಕುಸ್ವಾರಿನ, ಎಂದರೆ ಕ್ರಿಸ್‌ಮಸ್ ತಿಂಡಿಗಳ, ಹರಿವಾಣವು ಅಧ್ಯಾಪಕರ ಕೊಠಡಿಗೆ ಬಿಜಯಂಗೈಯುವುದನ್ನು ಮೌನವಾಗಿ ನೋಡಿದೆವು."

ಶಾಲೆಯ ಗೋದಲಿ ಸ್ಪರ್ಧೆಯ ಪ್ರಥಮ ಬಹುಮಾನ ಆ ಬಾಲಕರ ತರಗತಿಗೇ ಸಂದಿತು; ಹತ್ತಿಯ ವೆಚ್ಚವನ್ನು ಕ್ರೀಡಾನಿಧಿಯ ಲೆಕ್ಕಕ್ಕೆ ಬರೆಯಲಾಯಿತು.