ಕೆಳಗೆ ಸೋರುವ ಮನೆ

ಸೋರುವ ಮನೆ ನಮಗೇನೂ ಹೊಸದಲ್ಲ. ಮಲೆನಾಡಿನಲ್ಲಿ ಹುಟ್ಟಿದವರಿಗೆ ಯಾವ ಹೆಂಚು ಯಾವ ಮಳೆಗೆ ತೊಟ್ಟಿಕ್ಕುತ್ತದೆ, ಅದರಡಿಗೆ ಯಾವ ಪಾತ್ರೆ ಇಡಬೇಕು ಎಂಬುದು ಮಗ್ಗಿಯ ಜೊತೆಗೇ ಬಾಯಿಪಾಠವಾಗಿರುತ್ತದೆ. ಆದರೆ ನಮ್ಮ ಕಡೆಯ ಮನೆಗಳೆಲ್ಲ ಮೇಲಿನಿಂದ ಒಳಕ್ಕೆ ಸೋರುತ್ತವೆ. ಒಳಗಿನಿಂದ ನೆಲಕ್ಕೆ, ಅದೂ ಕೆಂಪಗೆ ಸೋರುವ ಮನೆಯನ್ನು ನಾನು ಕಂಡದ್ದು ಅಮೆರಿಕದ ಮಿಶಿಗನ್ ರಾಜ್ಯದಲ್ಲಿ. ಡೆಟ್ರಾಯಿಟಿನ ಮಗ್ಗುಲಲ್ಲಿರುವ ಟ್ರಾಯ್ ಎಂಬ ಊರಿನಲ್ಲಿ, ನನ್ನ ಹೆಂಡತಿಯ ತಮ್ಮನ ಅಂಗಳದಲ್ಲಿ.

ಅವನಿಗೆ ಎರಡು ಮನೆ. ಒಂದು ನಿಂತಿರುವುದು, ಇನ್ನೊಂದು ಓಡುವುದು. ಓಡುವ ಮನೆ 1975ರ ಜಿಎಂಸಿ ಮೋಟಾರ್‌ಹೋಮ್. ಜನರಲ್ ಮೋಟಾರ್ಸ್‌ನವರು 1973ರಿಂದ 1978ರವರೆಗೆ ಮಾತ್ರ, ಪಕ್ಕದ ಪಾಂಟಿಯಾಕ್ ಊರಿನಲ್ಲಿ, ಸುಮಾರು 13 ಸಾವಿರದಷ್ಟು ಮಾಡಿ ಕೈತೊಳೆದುಕೊಂಡ ಗಾಡಿ ಇದು. 26 ಅಡಿ ಉದ್ದ, ಐದು ಟನ್‌ಗೆ ಕಮ್ಮಿಯಿಲ್ಲದ ತೂಕ, ಏಳೂವರೆ ಲೀಟರಿನ ಓಲ್ಡ್ಸ್‌ಮೊಬಿಲ್ ಎಂಜಿನ್. ಒಳಗೆ ಒಲೆ, ಫ್ರಿಜ್, ಬಚ್ಚಲು, ಮಂಚ. ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟ ದಿನ ಅದೇ ಒಲೆಯ ಮೇಲೆ ಪಾಯಸ ಮಾಡಬಹುದು.

ನೆಂಟರನ್ನು ನೋಡಲು ಅಮೆರಿಕಕ್ಕೆ ಹೋಗುವ ನಮ್ಮಂಥ ನಿವೃತ್ತರ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ. ನಯಾಗರ, ದೇವಸ್ಥಾನ, ಕಾಸ್ಟ್‌ಕೋ, ಪಂಪ ಕನ್ನಡ ಕೂಟದ್ದೊಂದು ಕಾರ್ಯಕ್ರಮ, ಮತ್ತೆ ಸೋಫಾ. ಕೆಲಸ ಕೊಡಿ ಎಂದರೆ "ನೀವು ಆರಾಮಾಗಿ ಕೂತ್ಕೊಳ್ಳಿ" ಎನ್ನುತ್ತಾರೆ. ಆರಾಮಾಗಿ ಕೂರುವುದು ಎಷ್ಟು ಕಷ್ಟವೆಂದು ಕೂತವರಿಗೇ ಗೊತ್ತು. ಆದ್ದರಿಂದ ಒಂದು ಶನಿವಾರ ಗಾಡಿಯ ಅಡಿಯಿಂದ "ಭಾವಾ, ಸ್ವಲ್ಪ ಟಾರ್ಚ್ ಹಿಡೀತೀರಾ?" ಎಂಬ ಕರೆ ಬಂದಾಗ ನಾನು ಓಡಿದ ವೇಗ ಕಂಡು ನನ್ನ ಹೆಂಡತಿಗೆ ಗಾಬರಿಯಾಯಿತು.

ಟಾರ್ಚ್ ಹಿಡಿಯುವವನಿಗೆ ಲೋಕದಲ್ಲಿ ಹೊಗಳಿಕೆಯಿಲ್ಲ, ಬೈಗುಳ ಮಾತ್ರ ಉಂಟು. ಬೆಳಕು ಬೀಳಬೇಕಾದದ್ದು ತನ್ನ ಕುತೂಹಲ ಇರುವಲ್ಲಿಗಲ್ಲ, ಇನ್ನೊಬ್ಬನ ಪಾನಾ ಇರುವಲ್ಲಿಗೆ. ಕೆಲಸ ಸರಿಹೋದರೆ ಮಾಡಿದವನ ಕೈಗುಣ, ಕೆಟ್ಟರೆ "ಸರಿಯಾಗಿ ಕಾಣಲಿಲ್ಲ ನೋಡಿ." ಅದೇನೇ ಇರಲಿ, ಕಾರು ಕಂಪನಿಯಲ್ಲೇ ಎಂಜಿನಿಯರ್ ಆಗಿದ್ದೂ ದಿನವಿಡೀ ಪವರ್‌ಪಾಯಿಂಟ್ ಬಿಟ್ಟು ಬೇರೇನನ್ನೂ ಮುಟ್ಟದ ನನ್ನ ಭಾವಮೈದುನ ಕೊನೆಗೂ ಒಂದು ನಟ್ಟು ಮುಟ್ಟಿದ್ದ. ಅದಕ್ಕೆ ಸಾಕ್ಷಿಯಾಗುವುದೇ ಒಂದು ಭಾಗ್ಯ.

ಸೋರಿಕೆ ಹುಡುಕುವುದು ಪತ್ತೇದಾರಿ ಕೆಲಸ. ಎಣ್ಣೆ ತೊಟ್ಟಿಕ್ಕುವ ಜಾಗ ಒಂದು, ಹೊರಡುವ ಜಾಗ ಇನ್ನೊಂದು. ಈ ಗಾಡಿಯಲ್ಲಿ ಗೇರಿಗೂ ಕೆಂಪು ಎಣ್ಣೆ, ಸ್ಟೀರಿಂಗಿಗೂ ಹಿಂದಿನ ಮಾಲೀಕ ತುಂಬಿಸಿದ ಅದೇ ಕೆಂಪು ಎಣ್ಣೆ. ಎಲ್ಲವನ್ನೂ ಒರೆಸಿ, ಎಂಜಿನ್ ಚಾಲೂ ಮಾಡಿ, ಅವನು ತನ್ನ ಹೆಂಡತಿಗೆ ಸ್ಟೀರಿಂಗ್ ಕೊಟ್ಟು "ಎಡಕ್ಕೆ, ಇನ್ನೂ ಎಡಕ್ಕೆ" ಎಂದು ಕೂಗಿದ ಮೇಲೆ ಕಳ್ಳ ಸಿಕ್ಕಿಬಿದ್ದ. ಸ್ಟೀರಿಂಗ್ ಬಾಕ್ಸಿನ ಬುಡದ ಆಯಿಲ್ ಸೀಲ್. ಗ್ಯಾರೇಜಿನವರು ಬಾಕ್ಸೇ ಬದಲಿಸಿ ಎಂದಿದ್ದರಂತೆ. ಸೀಲಿನ ಕಿಟ್ ಇರುವಾಗ ಬಾಕ್ಸೇಕೆ ಎಂಬುದು ಇವನ ವಾದ. ಸ್ಟೀರಿಂಗಿನಲ್ಲಿ ಪ್ಲೇ, ಅಂದರೆ ಸಡಿಲ, ಕೂಡ ಬಂದಿದ್ದರಿಂದ ಪೂರ್ತಿ ಬಿಚ್ಚಿಯೇ ಬಿಡುವುದೆಂದು ತೀರ್ಮಾನವಾಯಿತು.

ಸ್ಟೀರಿಂಗ್ ತಿರುಗಿಸಿದರೆ ಚಕ್ರ ತಿರುಗುತ್ತದೆ ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಇಷ್ಟು ಭಾರದ ಗಾಡಿಯಲ್ಲಿ ನಡೆಯುವ ಕಥೆಯೇ ಬೇರೆ. ಬಾಕ್ಸಿನೊಳಗೆ ಟಾರ್ಷನ್ ಬಾರ್ ಎಂಬ ತೆಳು ಉಕ್ಕಿನ ಸರಳಿದೆ. ನಮ್ಮ ಕೈ ತಿರುಗಿದಾಗ ಅದು ಕೆಲವೇ ಡಿಗ್ರಿ ತಿರುಚಿಕೊಳ್ಳುತ್ತದೆ. ಅಷ್ಟಕ್ಕೇ ವಾಲ್ವ್ ತೆರೆದು, ಪಂಪಿನಿಂದ ಬಂದ ಎಣ್ಣೆ ಪಿಸ್ಟನ್ನನ್ನು ತಳ್ಳುತ್ತದೆ. ಒತ್ತಡ ಚದರ ಇಂಚಿಗೆ ಸಾವಿರ ಪೌಂಡಿನಾಚೆಗೂ ಏರುತ್ತದೆ. ಪಿಸ್ಟನ್ನಿನ ಹಲ್ಲುಗಳು ಪಿಟ್‌ಮನ್ ಶಾಫ್ಟನ್ನು, ಶಾಫ್ಟಿನ ತುದಿಯ ತೋಳು ಚಕ್ರಗಳನ್ನು ತಿರುಗಿಸುತ್ತವೆ. ಚಾಲಕ ಕೊಡುವುದು ಸೂಚನೆ, ದುಡಿಯುವುದು ಎಣ್ಣೆ. ಫ್ರಾನ್ಸಿಸ್ ಡೇವಿಸ್ ಎಂಬ ಎಂಜಿನಿಯರ್ 1926ರಲ್ಲೇ ಇಂಥದ್ದನ್ನು ಪಿಯರ್ಸ್-ಆ್ಯರೋ ಕಾರಿಗೆ ಜೋಡಿಸಿ ಓಡಿಸಿ ತೋರಿಸಿದ್ದ. ಮಾರಾಟದ ಕಾರಿನಲ್ಲಿ ಪವರ್ ಸ್ಟೀರಿಂಗ್ ಮೊದಲು ಬಂದದ್ದು 1951ರ ಕ್ರೈಸ್ಲರ್ ಇಂಪೀರಿಯಲ್‌ಗೆ. ನಡುವಿನ ಇಪ್ಪತ್ತೈದು ವರ್ಷ ಲೋಕವೆಲ್ಲ ತೋಳು ನೋಯಿಸಿಕೊಂಡು ಸ್ಟೀರಿಂಗ್ ತಿರುವಿತು.

ಪಿಟ್‌ಮನ್ ತೋಳನ್ನು ಶಾಫ್ಟಿನಿಂದ ಬಿಡಿಸುವುದೇ ಒಂದು ಪರ್ವ. ಮಿಶಿಗನ್ನಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ. ಅರ್ಧ ಶತಮಾನದ ಉಪ್ಪಿನ ಋಣ ಆ ತೋಳನ್ನು ಹಿಡಿದಿದ್ದ ನಟ್ಟಿನ ಮೇಲಿತ್ತು. ಪುಲ್ಲರ್ ಹಾಕಿ ಬಿಗಿದದ್ದಾಯಿತು, ಸುತ್ತಿಗೆಯಲ್ಲಿ ಬಡಿದದ್ದಾಯಿತು, ಕಾಫಿ ಕುಡಿದು ಬಂದದ್ದಾಯಿತು. ಇದ್ದಕ್ಕಿದ್ದಂತೆ ಢಬ್ ಎಂದು ಬಿಟ್ಟುಕೊಂಡಾಗ ಒಳಗಿದ್ದ ಹೆಂಗಸರಿಬ್ಬರೂ ಓಡಿಬಂದರು. ಅಕ್ಕನಿಗೆ ತಮ್ಮನ ಚಿಂತೆ, ಹೆಂಡತಿಗೆ ಗಂಡನ ಚಿಂತೆ. ಟಾರ್ಚಿನವನನ್ನು ಯಾರೂ ವಿಚಾರಿಸಲಿಲ್ಲ.

ಬಾಕ್ಸು ಮೇಜಿಗೆ ಬಂತು. ಇದೂ ಮಿಶಿಗನ್ನಿನದೇ ಕೂಸು. ಉತ್ತರಕ್ಕಿರುವ ಸ್ಯಾಗಿನಾ ಊರಿನ ಜನರಲ್ ಮೋಟಾರ್ಸ್ ವಿಭಾಗದ್ದು. ಅದರ ಹೊಟ್ಟೆಯಲ್ಲಿ ತಿರುಪಿನ ತೋಡಿಗೂ ಪಿಸ್ಟನ್ನಿಗೂ ನಡುವೆ ಉಕ್ಕಿನ ಗುಂಡುಗಳು ಉರುಳುತ್ತವೆ. ಸಾಲಿನ ಕೊನೆಗೆ ಬಂದವು ಒಂದು ಬಾಗಿದ ಕೊಳವೆಯೊಳಗೆ ಹೊಕ್ಕು ಮತ್ತೆ ಸಾಲಿನ ಮೊದಲಿಗೆ ಬಂದು ಸೇರುತ್ತವೆ. ಒಟ್ಟು 24. ಅರ್ಧ ಬೆಳ್ಳಿಬಣ್ಣದವು, ಅರ್ಧ ಕಪ್ಪು. ಜೋಡಿಸುವಾಗ ಒಂದು ಬಿಳಿ, ಒಂದು ಕಪ್ಪು ಎಂದು ತಪ್ಪದೆ ಕೂರಿಸಬೇಕು ಎನ್ನುತ್ತದೆ ಮ್ಯಾನ್ಯುಯಲ್. ಭಾವಮೈದುನ ಕೊಳವೆಗೆ ಗ್ರೀಸ್ ಮೆತ್ತಿ, ಉಸಿರು ಬಿಗಿಹಿಡಿದು ಒಂದೊಂದನ್ನೇ ಅಂಟಿಸುತ್ತಿದ್ದಾಗ ಒಂದು ಕರಿಗುಂಡು ಜಾರಿ, ಮೇಜಿನಿಂದ ಹಾರಿ, ಶೆಲ್ಫಿನ ಅಡಿಗೆ ನುಸುಳಿತು.

"ಹಾಳಾದ್ದು! ಭಾರ ಹೊರೋದೇನೂ ಅಲ್ಲ, ಭಾವ ಅದು," ಎಂದು ಅವನು ಗೊಣಗಿದ.

"ಮತ್ತೆ ಯಾತಕ್ಕಿದೆ?"

ಅವನು ಎರಡು ಬಿಳಿ ಗುಂಡುಗಳನ್ನು ಅಂಗೈಯಲ್ಲಿ ಪಕ್ಕಪಕ್ಕ ಇಟ್ಟು ತೋರಿಸಿದ. ಎರಡೂ ಒಂದೇ ದಿಕ್ಕಿಗೆ ಉರುಳಿದರೆ ಒಂದಕ್ಕೊಂದು ತಾಗುವ ಕಡೆ ಒಂದರ ಮೈ ಮೇಲಕ್ಕೆ, ಇನ್ನೊಂದರದು ಕೆಳಕ್ಕೆ ಹೋಗಿ ಉಜ್ಜಿಕೊಳ್ಳುತ್ತವೆ. ಕರಿಗುಂಡು ಬಿಳಿಯದಕ್ಕಿಂತ ಒಂದಿಷ್ಟೇ ಸಣ್ಣದು. ಇಂಚನ್ನು ಎರಡು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲಿನಷ್ಟು. ಅಷ್ಟು ಸಣ್ಣದಾದ್ದರಿಂದ ಭಾರ ಅದರ ಮೇಲೆ ಬೀಳುವುದಿಲ್ಲ. ಎರಡರ ನಡುವೆ ನಿಂತು, ತಾನು ಮಾತ್ರ ತಿರುವುಮುರುವಾಗಿ ತಿರುಗುತ್ತ, ಉಜ್ಜಾಟ ಆಗದಂತೆ ನೋಡಿಕೊಳ್ಳುತ್ತದೆ. ಲೆಕ್ಕದಲ್ಲಿ ಒಂದು ಕಮ್ಮಿಯಾದರೂ, ಸಾಲು ಅದಲುಬದಲಾದರೂ ಬಿಗಿ ತಪ್ಪುತ್ತದೆ.

ನಿವೃತ್ತಿಯ ಮೇಲೆ ಯಾರೂ ನನಗೆ ಇಷ್ಟು ಸಮಾಧಾನದ ಮಾತು ಹೇಳಿರಲಿಲ್ಲ. ಭಾರ ಹೊರುವ ವಯಸ್ಸು ಮುಗಿದು, ಅವರಿವರ ಮನೆಯಲ್ಲಿ ನಡುವೆ ಕೂತಿರುವವನಿಗೂ ಒಂದು ಅಳತೆ, ಒಂದು ಜಾಗ ಇದೆಯೆಂದಾಯಿತು. ನೆಲಕ್ಕೆ ಕೆನ್ನೆಯಿಟ್ಟು, ಶೆಲ್ಫಿನಡಿ ಟಾರ್ಚ್ ಬಿಟ್ಟು, ನನ್ನ ಕುಲಬಾಂಧವನನ್ನು ಹುಡುಕಿ, ಒರೆಸಿ ಕೊಟ್ಟೆ. ಅವತ್ತು ಮಾತ್ರ ಟಾರ್ಚ್ ಸರಿಯಾಗಿಯೇ ಹಿಡಿದಿದ್ದೆನಂತೆ.

ಸೀಲುಗಳೆಲ್ಲ ಹೊಸದಾದವು. ಶಾಫ್ಟಿನ ಹಲ್ಲುಗಳು ಸೀಲಿನ ತುಟಿಯನ್ನು ಹರಿಯದಂತೆ ಅವಕ್ಕೆ ಟೇಪು ಸುತ್ತಿ ಬುಡದ ಸೀಲನ್ನು ಕೂರಿಸಿದ್ದಾಯಿತು. ನಟ್ಟಿನ ಬಿಗಿ, ಪ್ಲೇ ಎಲ್ಲವನ್ನೂ ಅಳೆದು ಹೊಂದಿಸಿ, ಬಾಕ್ಸನ್ನು ಮತ್ತೆ ಗಾಡಿಗೆ ಜೋಡಿಸಿದ್ದಾಯಿತು. ಮಾರನೆಯ ವಾರ ಗಾಡಿಯಡಿ ಹಾಸಿದ ರಟ್ಟು ಒಣಗಿಯೇ ಇತ್ತು.

ಆ ರಾತ್ರಿ ಊಟಕ್ಕೆ ಕೂತಾಗ, ಮೊದಲ ಪ್ರವಾಸ ಎಲ್ಲಿಗೆಂದು ಗಂಡಹೆಂಡಿರಿಗೆ ವಾದ ಹತ್ತಿತು. ಮ್ಯಾಕಿನಾ ಸೇತುವೆ ದಾಟಿ ಸುಪೀರಿಯರ್ ಸರೋವರಕ್ಕೆ ಎಂದು ಅವನು, ದಕ್ಷಿಣಕ್ಕೆ ಸ್ಮೋಕಿ ಬೆಟ್ಟಗಳಿಗೆ ಎಂದು ಅವಳು. ದನಿಗಳು ಏರಿದವು. ನಾನು ತಟ್ಟೆ ಎತ್ತಿಕೊಂಡು ಹೋಗಿ ಇಬ್ಬರ ನಡುವೆ ಖಾಲಿಯಿದ್ದ ಕುರ್ಚಿಯಲ್ಲಿ ಕೂತೆ.

"ಅವರ ಮಧ್ಯೆ ನೀವ್ಯಾಕ್ರೀ?" ಎಂದಳು ನನ್ನ ಹೆಂಡತಿ.

ಮ್ಯಾನ್ಯುಯಲ್ ಓದದವರು ಕೇಳುವ ಪ್ರಶ್ನೆ. ಉತ್ತರ ಕೊಡಲು ಹೋಗದೆ ಎಡಗಡೆಯವನಿಗೊಂದು, ಬಲಗಡೆಯವಳಿಗೊಂದು ಹಪ್ಪಳ ಬಡಿಸಿದೆ.