ಸರಕು ಯಾದಗಿರಿಯದು, ನಗು ನ್ಯೂಯಾರ್ಕಿನದು

ಜಾನ್ ಆಲಿವರ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಹೊಟ್ಟೆಪಾಡು ನ್ಯೂಯಾರ್ಕಿನಲ್ಲಿ. ವಾರಕ್ಕೊಮ್ಮೆ ಟೈ ಕಟ್ಟಿಕೊಂಡು ಮೇಜಿನ ಹಿಂದೆ ಕೂತು ಲೋಕದ ರಾಜಕಾರಣಿಗಳ ಮಾನ ಹರಾಜು ಹಾಕುವುದು ಈತನ ಕಸುಬು. 2020ರ ಫೆಬ್ರುವರಿಯಲ್ಲಿ ಟ್ರಂಪ್ ಸಾಹೇಬರು ಅಹಮದಾಬಾದಿಗೆ ಬಂದಿಳಿಯುವ ಹೊತ್ತಿಗೆ ಸರಿಯಾಗಿ ನಮ್ಮ ಪ್ರಧಾನಿಯವರ ಮೇಲೆ ಒಂದು ಕಂತು ಮಾಡಿದ. ಇಲ್ಲಿ ಅದನ್ನು ತೋರಿಸಬೇಕಿದ್ದ ಹಾಟ್‌ಸ್ಟಾರ್ ತೋರಿಸಲೇ ಇಲ್ಲ. ತನ್ನ ಧಣಿ ಡಿಸ್ನಿಯ ಬಗ್ಗೆ ಹೊಡೆದ ಜೋಕುಗಳಿಗೂ ಇದೇ ಹಾಟ್‌ಸ್ಟಾರ್ ಕತ್ತರಿ ಹಾಕಿತ್ತು ಎಂದು ಆಲಿವರ್ ಆಮೇಲೆ ಹೇಳಿಕೊಂಡು ನಗಾಡಿದ. ದೇಶ ಆಳುವವರಿಗೂ ಕಾರ್ಟೂನು ಕಂಪನಿಗೂ ಒಂದೇ ಮರ್ಯಾದೆ. ಸಂವಿಧಾನದ ಸಮಾನತೆಯ ಆಶಯ ಇಷ್ಟು ಚೊಕ್ಕಟವಾಗಿ ಇನ್ನೆಲ್ಲೂ ಈಡೇರಿದ್ದು ಕಾಣೆ.

ಕತ್ತರಿಗೆ ಸಿಕ್ಕ ಕಂತು ಯೂಟ್ಯೂಬಿನಲ್ಲಿ ಧಾರಾಳವಾಗಿ ಓಡಾಡಿತು. ಓಡಾಡುತ್ತಾ ಶಹಾಪುರದ ಮಿರ್ಚಿ ಭಜಿ ಅಂಗಡಿಗೂ ಬಂತು ಎಂದುಕೊಳ್ಳಿ. ಡಿಗ್ರಿ ಓದುವ ಹುಡುಗನ ಕೈಯಲ್ಲಿ ಮೊಬೈಲು, ಬಲಕ್ಕೆ ರುಮಾಲು ಸುತ್ತಿದ ಮುತ್ಯಾ, ಇಬ್ಬರ ನಡುವೆ ಎಣ್ಣೆ ಹೀರಿದ ಪೇಪರಿನ ಮೇಲೆ ನಾಲ್ಕು ಭಜಿ.

“ಯಾಂವಪಾ ಇಂವ? ಭಾಳ ಕೈ ಬೀಸಿ ಮಾತಾಡ್ಲಾಕತ್ತಾನ.”

“ಅಮೆರಿಕಾದಾಂವ ಮುತ್ಯಾ. ನಮ್ಮ ರಾಜಕೀಯದ ಮ್ಯಾಲ ಜೋಕ್ ಹೊಡಿತಾನ.”

“ಈ ಕಡಿ ಬಂದು ನೋಡ್ಯಾನೇನು?”

“ಇಲ್ಲ, ಅಲ್ಲೇ ಕುಂತು ಹೇಳ್ತಾನ.”

“ಕೇಸ್ ಬಿದ್ದಾದೇನು ಅಂವನ ಮ್ಯಾಲ?”

“ಇಲ್ಲಿಂದ ಅಲ್ಲೀತನ ಯಾರ ಹೋಗಿ ಕೇಸ್ ಹಾಕ್ತಾರ?”

“ಹಂಗಿದ್ರ ಪೂರಾ ಖರೇ ಹೇಳಿಲ್ಲ ಬಿಡು ತಮ್ಮಾ.”

ಮುತ್ಯಾನದು ಅನುಭವದ ಮಾತು. ಮುನವ್ವರ್ ಫಾರೂಕಿ ಎಂಬ ಹಾಸ್ಯಗಾರ ಹುಡುಗ 2021ರಲ್ಲಿ ಇಂದೋರಿನಲ್ಲಿ ಜೈಲು ಕಂಡು ಬಂದ. ಅದೇ ವರ್ಷದ ಕೊನೆಗೆ ಬೆಂಗಳೂರಿನಲ್ಲಿ ಅವನ ಕಾರ್ಯಕ್ರಮ ನಡೆಯುವುದು ಬೇಡವೆಂದು ಪೊಲೀಸರು ಆಯೋಜಕರಿಗೆ ಪತ್ರ ಬರೆದರು. ಕುನಾಲ್ ಕಾಮ್ರಾ 2025ರಲ್ಲಿ ಮುಂಬೈಯಲ್ಲಿ ಜೋಕು ಹೇಳಿದ. ಸಿಟ್ಟಾದವರು ಅವನ ಬದಲು ಅವನು ನಿಂತಿದ್ದ ಸಭಾಂಗಣದ ಕುರ್ಚಿಗಳನ್ನು ಮುರಿದರು. ನಮ್ಮಲ್ಲಿ ವಿಮರ್ಶೆಯ ಪದ್ಧತಿಯೇ ಹಾಗೆ: ಮಾತಿಗೆ ಮಾತಲ್ಲ, ಮಾತಿಗೆ ಫರ್ನಿಚರು.

ಅಮೆರಿಕದವರೂ ಈಗೀಗ ನಮ್ಮಿಂದ ಕಲಿಯುತ್ತಿದ್ದಾರೆ ಎನ್ನುವುದು ಸಮಾಧಾನದ ಸಂಗತಿ. ಅಧ್ಯಕ್ಷ ಟ್ರಂಪ್ ಅವರೊಂದಿಗೆ 1.6 ಕೋಟಿ ಡಾಲರಿಗೆ ರಾಜಿ ಮಾಡಿಕೊಂಡ ತನ್ನ ಧಣಿಗಳನ್ನು ಟಿವಿ ವಿದೂಷಕ ಸ್ಟೀಫನ್ ಕೋಲ್ಬರ್ಟ್ ಆಡಿಕೊಂಡ ಕೆಲವೇ ದಿನಕ್ಕೆ, 2025ರ ಜುಲೈಯಲ್ಲಿ, ಅವನ ಕಾರ್ಯಕ್ರಮ ಮುಂದಿನ ವರ್ಷಕ್ಕೆ ಬಂದ್ ಎಂದು ಚಾನೆಲ್ ಸಾರಿತು. ಕಾರಣ ಕೇವಲ ಹಣಕಾಸು ಅಂತೆ. ಸೆಪ್ಟೆಂಬರಿನಲ್ಲಿ ಜಿಮ್ಮಿ ಕಿಮ್ಮೆಲ್ ಎಂಬ ಇನ್ನೊಬ್ಬ ವಿದೂಷಕನನ್ನು ಅಮಾನತಿನಲ್ಲಿಟ್ಟರು. ಜನ ಬಾಯಿ ಮಾಡಿದ ಮೇಲೆ ವಾರದೊಳಗೆ ವಾಪಸ್ ಕರೆತಂದರು. ಎತ್ತಂಗಡಿ, ಅಮಾನತು, ಮರುನೇಮಕ. ನಮ್ಮ ತಾಲ್ಲೂಕು ಕಚೇರಿಯ ಯಾವ ಗುಮಾಸ್ತನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಪರದೇಶಿ ವಿದೂಷಕರ ಕೈಚಳಕ ಬಹಳ ಸರಳ. ರಾಜಕಾರಣಿ ನಿನ್ನೆ ಹೇಳಿದ್ದರ ತುಣುಕು ಒಂದು, ಇವತ್ತು ಹೇಳಿದ್ದರ ತುಣುಕು ಒಂದು. ಎರಡನ್ನೂ ಅಕ್ಕಪಕ್ಕ ಇಟ್ಟು ಹುಬ್ಬು ಹಾರಿಸುವುದು. ಆ ತುಣುಕು ಹುಡುಕಲು ಸಂಬಳ ಕೊಟ್ಟು ಜನ ಇಟ್ಟುಕೊಂಡಿರುತ್ತಾರೆ. ದಂಡ! ನಮ್ಮ ಯಾದಗಿರಿ ಜಿಲ್ಲೆಗೆ ಬಂದಿದ್ದರೆ ಬರೆದು ಮುಗಿಸಿದ ಸ್ಕ್ರಿಪ್ಟೇ ಪುಕ್ಕಟೆ ಸಿಗುತ್ತಿತ್ತು.

2019ರ ಫೆಬ್ರುವರಿಯದ್ದು ನೆನಪಿದೆಯಲ್ಲ? ಬೆಂಗಳೂರಿನಲ್ಲಿ ಕುಮಾರಸ್ವಾಮಿಯವರ ಮೈತ್ರಿ ಸರ್ಕಾರ. ಗುರುಮಠಕಲ್‌ನಲ್ಲಿ ಜೆಡಿಎಸ್ ಶಾಸಕರು ನಾಗನಗೌಡ ಕಂದಕೂರು. ಅವರ ಮಗ ಶರಣಗೌಡರನ್ನು ರಾತ್ರೋರಾತ್ರಿ ಪಕ್ಕದ ರಾಯಚೂರು ಜಿಲ್ಲೆಯ ದೇವದುರ್ಗದ ಐಬಿಗೆ, ಅಂದರೆ ಪ್ರವಾಸಿ ಮಂದಿರಕ್ಕೆ, ಕರೆಸಿ ಬಿಜೆಪಿಯ ಯಡಿಯೂರಪ್ಪನವರು ಮಾತಾಡಿದರು. ಶರಣಗೌಡರು ಮೊಬೈಲಿನಲ್ಲಿ ಎಲ್ಲವನ್ನೂ ತುಂಬಿಕೊಂಡರು. ಫೆಬ್ರುವರಿ 8ರಂದು ಬಜೆಟ್ ಮಂಡಿಸುವ ಮೊದಲೇ ಮುಖ್ಯಮಂತ್ರಿಗಳು, ತಂದೆಯನ್ನು ಬಿಜೆಪಿಗೆ ಸೆಳೆಯಲು ಕೋಟಿಗಳ ಆಮಿಷ ಎಂದು ಆರೋಪಿಸಿ, ಆ ಆಡಿಯೊ ಬಿಡುಗಡೆ ಮಾಡಿದರು. ಬಜೆಟ್ಟಿನ ದಿನ ಕೋಟಿಗಳ ಲೆಕ್ಕ ಕೇಳುವುದು ಸಂಪ್ರದಾಯ. ಅವತ್ತು ಮಾತ್ರ ಎರಡೆರಡು ಬಜೆಟ್. ಯಡಿಯೂರಪ್ಪನವರು ಮೊದಲು ಅದು ನಕಲಿ ಎಂದರು, ಸಾಬೀತು ಮಾಡಿದರೆ ರಾಜಕೀಯ ನಿವೃತ್ತಿ ಎಂದರು. ಎರಡು ದಿನ ಕಳೆದ ಮೇಲೆ ಭೇಟಿಯಾಗಿದ್ದು ಹೌದು, ಧ್ವನಿಯೂ ನನ್ನದೇ, ಆದರೆ ಬೇಕಾದಂತೆ ಕತ್ತರಿಸಿ ಜೋಡಿಸಿದ್ದಾರೆ ಎಂದರು. ವಿಧಾನಸಭೆಯಲ್ಲಿ ಸ್ಪೀಕರ್ ರಮೇಶ್ ಕುಮಾರ್ ಅವರು ಆಡಿಯೊದಲ್ಲಿ ತಮ್ಮ ಹೆಸರೂ ಬಂದದ್ದಕ್ಕೆ ನೊಂದುಕೊಂಡರು. ತನಿಖೆಯ ಮಾತು ಗಂಟೆಗಟ್ಟಲೆ ನಡೆಯಿತು.

ನಿವೃತ್ತಿ? ಅದೇ ವರ್ಷದ ಜುಲೈ 26ಕ್ಕೆ ಯಡಿಯೂರಪ್ಪನವರು ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು.

ಆಲಿವರ್ ಇಲ್ಲಿಗೇ ಮುಗಿಸಿ ಚಪ್ಪಾಳೆ ತಗೊಂಡುಬಿಡುತ್ತಿದ್ದ. ನಮ್ಮ ಕಥೆಗಾರರು ಅಷ್ಟಕ್ಕೆ ಬಿಡುವವರಲ್ಲ. 2023ರ ಮೇನಲ್ಲಿ ಶರಣಗೌಡರು ಗುರುಮಠಕಲ್‌ನಿಂದ ಜೆಡಿಎಸ್ ಶಾಸಕರಾಗಿ ಗೆದ್ದರು. ಸೆಪ್ಟೆಂಬರಿನಲ್ಲಿ ಅವರ ಪಕ್ಷ ಬಿಜೆಪಿಯ ಕೈಹಿಡಿಯಿತು. ಧ್ವನಿ ತುಂಬಿಕೊಂಡವರ ಪಕ್ಷ, ಧ್ವನಿ ಕೊಟ್ಟವರ ಪಕ್ಷ, ಈಗ ಒಂದೇ ಮೈಕು. ಇಂಥ ತಿರುವನ್ನು ಯಾವನಾದರೂ ಹಾಸ್ಯಗಾರ ಬರೆದು ತಂದಿದ್ದರೆ “ಸ್ವಲ್ಪ ನಂಬುವ ಹಾಗೆ ಬರಿಯಪ್ಪ” ಎಂದು ಸಂಪಾದಕರು ವಾಪಸ್ ಕಳಿಸುತ್ತಿದ್ದರು.

ಅಂದಹಾಗೆ, ನಮ್ಮ ರಾಜಕೀಯವನ್ನು ಪರದೇಶದವನೊಬ್ಬ ಲೋಕಕ್ಕೆ ಸಾರಿದ್ದು ಇದೇ ಮೊದಲಲ್ಲ. ಸುರಪುರದ ಗುಡ್ಡದ ಮೇಲೆ ಟೇಲರ್ ಮಂಜಿಲ್ ಇವತ್ತಿಗೂ ನಿಂತಿದೆ. ಫಿಲಿಪ್ ಮೆಡೋಸ್ ಟೇಲರ್ 1839ರಲ್ಲಿ ಠಕ್ಕನೊಬ್ಬ ತನ್ನ ಕಥೆ ತಾನೇ ಹೇಳಿಕೊಳ್ಳುವ ಕಾದಂಬರಿ ಬರೆದು ಲಂಡನ್ನಿನಲ್ಲಿ ಹೆಸರು ಮಾಡಿದ. 1841ರಲ್ಲಿ ಸುರಪುರದ ಆಡಳಿತ ನೋಡಿಕೊಳ್ಳಲು ಬಂದ. ಪೂರ್ವಸಿದ್ಧತೆ ಅಂದರೆ ಇದು. ಬಾಲಕ ರಾಜ ವೆಂಕಟಪ್ಪ ನಾಯಕ, ರಾಜಮಾತೆ ಈಶ್ವರಮ್ಮ, ನಿಜಾಮನಿಗೆ ಬಾಕಿ ನಿಂತ ಕಪ್ಪ, ದರಬಾರಿನ ಬಣಗಳ ಜಗಳ, ಎಲ್ಲವನ್ನೂ ಕಣ್ಣಾರೆ ಕಂಡು ಆತ್ಮಕಥೆಯಲ್ಲಿ ಬರೆದಿಟ್ಟ. ಅದು ಅಚ್ಚಾಗಿದ್ದು 1877ರಲ್ಲಿ, ಅವನು ತೀರಿಕೊಂಡ ಮರುವರ್ಷ. ರಾಜಕೀಯದ ಬಗ್ಗೆ ಬರೆಯುವವರಿಗೆ ಇದಕ್ಕಿಂತ ಸುರಕ್ಷಿತ ಮುಹೂರ್ತ ಮತ್ತೊಂದಿಲ್ಲ. ಆದರೂ ಟೇಲರ್ ಸುಮಾರು ಹನ್ನೆರಡು ವರ್ಷ ಇಲ್ಲೇ ಇದ್ದು ನೋಡಿ ಬರೆದವನು. ರಾಜನಿಂದ ಅಪ್ಪಾ ಅನ್ನಿಸಿಕೊಂಡವನು. ಆಲಿವರ್‌ಗೆ ನಾವು ಇಪ್ಪತ್ತು ನಿಮಿಷದ ಕಂತು, ಅಷ್ಟೇ. ಅವನ ಪ್ರಕಾರ ಭಾರತದ ರಾಜಕೀಯ ಎಂದರೆ ಡೆಲ್ಲಿ. ಐಬಿ ಅಂದರೇನು ಅಂತ ಅವನಿಗೆ ಹೇಳಿದವರಿಲ್ಲ.

ಸುರಪುರದಲ್ಲಿ ಸಿಂಹಾಸನ ಹೋಗಿ ಮತಪೆಟ್ಟಿಗೆ ಬಂತು. 1858ರಲ್ಲಿ ಕಂಪನಿಯ ವಿರುದ್ಧ ಎದ್ದು ಪ್ರಾಣ ಕಳೆದುಕೊಂಡ ರಾಜನ ಹೆಸರೇ ಹೊತ್ತ ರಾಜಾ ವೆಂಕಟಪ್ಪ ನಾಯಕರು 2023ರಲ್ಲಿ ಶಾಸಕರಾದರು. ಅವರು ತೀರಿಕೊಂಡ ಮೇಲೆ 2024ರ ಮೇ 7ರ ಉಪಚುನಾವಣೆಯಲ್ಲಿ ಮಗ ವೇಣುಗೋಪಾಲ ನಾಯಕರು ಗೆದ್ದರು. ಪ್ರಜೆಗಳ ಆಯ್ಕೆಯನ್ನು ಪ್ರಶ್ನಿಸಲು ನಾನ್ಯಾರು?

ಶಹಾಪುರಕ್ಕೆ ಬನ್ನಿ. ಅಲ್ಲಿ ಬೆಟ್ಟವೇ ಮಲಗಿದ ಬುದ್ಧನಂತಿದೆ, ದೂರದಿಂದ ನೋಡಿದರೆ ಹಣೆ, ಮೂಗು, ಗದ್ದ ಎಲ್ಲ ಸ್ಪಷ್ಟ. ಬುದ್ಧ ಮಲಗಿದ್ದಕ್ಕೆ ಅರ್ಥವಿದೆ. 2023ರ ನವೆಂಬರಿನಲ್ಲಿ ಅದೇ ಊರಿನ ಗೋದಾಮಿನಿಂದ ಅನ್ನಭಾಗ್ಯದ ಆರು ಸಾವಿರ ಕ್ವಿಂಟಾಲಿಗೂ ಹೆಚ್ಚು ಅಕ್ಕಿ ಕಾಣೆಯಾದ ಸುದ್ದಿ ಬಂತು. ಐವತ್ತು ಕಿಲೋದ ಚೀಲವಾದರೆ ಹನ್ನೆರಡು ಸಾವಿರ ಚೀಲ. ಒಂದು ಲಾರಿಗೆ ಇನ್ನೂರು ಕ್ವಿಂಟಾಲು ಹೇರಿದರೂ ಮೂವತ್ತು ಲಾರಿ. ಹಮಾಲರು ಬೆನ್ನು ಬಗ್ಗಿಸಿ ಹೊರಬೇಕು, ತೂಕ ಹಾಕಬೇಕು, ಗೇಟು ತೆಗೆಯಬೇಕು, ಲಾರಿ ಹಿಂದೆ ತಗೊಳ್ಳುವಾಗ ಕ್ಲೀನರ್ “ಬರ್ಲಿ ಬರ್ಲಿ” ಎಂದು ಕೂಗಬೇಕು. ಇಷ್ಟು ಗದ್ದಲದಲ್ಲಿ ಎಚ್ಚರವಾಗದೆ ಮಲಗಿದ್ದ ನಮ್ಮ ಆಹಾರ ವ್ಯವಸ್ಥೆಯ ಪ್ರತಿಮೆಯನ್ನೂ ಬುದ್ಧನ ಬೆಟ್ಟದ ಎದುರಿಗೆ ಮಲಗಿಸಬಹುದು, ಪ್ರವಾಸಿಗರಿಗೆ ಎರಡು ನೋಟ ಸಿಗುತ್ತದೆ.

ನೀರಿನ ವಿಷಯ ಹೇಳದಿದ್ದರೆ ಕೃಷ್ಣೆ ಮುನಿದಾಳು. 2023ರ ಜನವರಿ 19ರಂದು ಪ್ರಧಾನಿಯವರು ಕೊಡೇಕಲ್ಲಿಗೆ ಬಂದರು. ನಾರಾಯಣಪುರ ಎಡದಂಡೆ ಕಾಲುವೆಯ ಆಧುನೀಕರಣದ ಉದ್ಘಾಟನೆ: ಸುಮಾರು 4,700 ಕೋಟಿ ರೂಪಾಯಿ, 4.5 ಲಕ್ಷ ಹೆಕ್ಟೇರ್ ಅಚ್ಚುಕಟ್ಟು, ಗೇಟುಗಳಿಗೆ ದೂರದಿಂದಲೇ ನಿಯಂತ್ರಿಸುವ ಸ್ಕಾಡಾ ತಂತ್ರಜ್ಞಾನ. ನೀರು ಎಲ್ಲಿದೆ ಎನ್ನುವುದು ಈಗ ಪರದೆಯ ಮೇಲೆ ಕಾಣುತ್ತದೆ. ಬೇಸಿಗೆ ಬೆಳೆಗೆ ಸರದಿಯ ಮೇಲೆ ನೀರು ಬಿಡುವ ವಾರಬಂದಿಯ ಲೆಕ್ಕ ಹಾಕುತ್ತಾ ಕಾಲುವೆಯ ಕೊನೆ ಭಾಗದಲ್ಲಿ ಕೂತ ರೈತನೂ ನೀರನ್ನು ಪರದೆಯ ಮೇಲೆ ನೋಡಿ ತೃಪ್ತಿಪಡಬಹುದು. ಆ ಉದ್ಘಾಟನೆಯಾದ ನಾಲ್ಕೇ ತಿಂಗಳಿಗೆ ಜಿಲ್ಲೆಯ ನಾಲ್ಕೂ ಕ್ಷೇತ್ರಗಳಲ್ಲಿ ಬಿಜೆಪಿ ಸೋತಿತು. ಕಾಂಗ್ರೆಸ್ಸಿನವರು ಬಹಳ ಹಿಗ್ಗುವುದು ಬೇಡ. ಈಗಿನ ಎಐಸಿಸಿ ಅಧ್ಯಕ್ಷ ಮಲ್ಲಿಕಾರ್ಜುನ ಖರ್ಗೆಯವರು ಇದೇ ಗುರುಮಠಕಲ್‌ನಿಂದ 1972ರಿಂದ ಎಂಟು ಸಲ ಗೆದ್ದವರು; ಅವರ ಪಕ್ಷ ಇಲ್ಲಿ ಆಳಿದ ವರ್ಷಗಳನ್ನು ಲೆಕ್ಕ ಹಾಕಲು ಬೆರಳು ಸಾಲವು. 2002ರಲ್ಲಿ ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿ ಮಾಡಿದಾಗ ಯಾದಗಿರಿ, ಶಹಾಪುರ, ಸುರಪುರ ಮೂರಕ್ಕೂ ಅದರಲ್ಲಿ ಸೀಟು ಸಿಕ್ಕಿತು. ಶಿಫಾರಸು ಪತ್ರವಿಲ್ಲದೆ, ಮೊದಲ ಸುತ್ತಿನಲ್ಲೇ. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371ಜೆ ಬಂತು, ಹೈದರಾಬಾದ್ ಕರ್ನಾಟಕ ಹೋಗಿ 2019ರಲ್ಲಿ ಕಲ್ಯಾಣ ಕರ್ನಾಟಕವೂ ಆಯಿತು. ಬೋರ್ಡು ಬದಲಾಯಿಸುವ ಪೇಂಟರಿಗಂತೂ ಕಲ್ಯಾಣವಾಗಿದೆ.

ಇಷ್ಟೆಲ್ಲ ಸರಕಿದ್ದೂ ನಮ್ಮ ನಗು ಯಾಕೆ ಆಮದಾಗುತ್ತಿದೆ? ನಮ್ಮೂರ ಯಾವುದೇ ವಾಟ್ಸಾಪ್ ಗ್ರೂಪಿನಲ್ಲಿ ಪರೀಕ್ಷೆ ಮಾಡಿ ನೋಡಿ. ಟ್ರಂಪ್ ಮೇಲೆ ಜೋಕು ಹಾಕಿದರೆ ನಗುವ ಮುಖಗಳ ಸಾಲು. ಡೆಲ್ಲಿಯವರ ಮೇಲೆ ಹಾಕಿದರೆ ಅರ್ಧ ನಗು, ಅರ್ಧ ಬೈಗುಳ. ಬೆಂಗಳೂರಿನವರ ಮೇಲೆ ಹಾಕಿದರೆ ಮೌನ. ವಾರ್ಡಿನ ಸದಸ್ಯರ ಮೇಲೆ ಹಾಕಿದರೆ ಎರಡೇ ನಿಮಿಷಕ್ಕೆ ಅಡ್ಮಿನ್ ಫೋನು: “ಅಣ್ಣಾ, ಕೈ ಮುಗಿತೀನಿ, ಡಿಲೀಟ್ ಮಾಡ್ರಿ. ಗ್ರೂಪಿಗಿ ಅಡ್ಮಿನ್ ನಾನಿದ್ದೀನಿ.” ನಮ್ಮ ಹಾಸ್ಯಪ್ರಜ್ಞೆ ಕಿಲೋಮೀಟರಿನ ಲೆಕ್ಕದಲ್ಲಿ ಬೆಳೆಯುತ್ತದೆ, ಹನ್ನೆರಡು ಸಾವಿರ ಕಿಲೋಮೀಟರ್ ದಾಟಿದ ಮೇಲೆ ನಾವೆಲ್ಲ ಮಹಾ ಧೈರ್ಯಸ್ಥರು.

ಅಡ್ಮಿನ್ನಿನ ಹೆದರಿಕೆಯೂ ಸುಳ್ಳಲ್ಲ. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಸುಳ್ಳುಸುದ್ದಿ ತಡೆ ಮಸೂದೆಯ ಕರಡು ಹೊರಬಿತ್ತು. ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ. ವ್ಯಂಗ್ಯ, ವಿಡಂಬನೆಗಳಿಗೆ ವಿನಾಯಿತಿಯೂ ಇತ್ತು, ಅದು ದೊಡ್ಡತನ. ಆದರೆ ಒಂದು ಷರತ್ತು: ಸಾಮಾನ್ಯ ವಿವೇಕವುಳ್ಳ ಮನುಷ್ಯ ಅದನ್ನು ನಿಜವೆಂದು ತಿಳಿಯುವಂತಿರಬಾರದು.

ನ್ಯೂಯಾರ್ಕಿನವನಿಗೆ ಈ ಷರತ್ತಿನಿಂದ ಏನೂ ತೊಂದರೆಯಿಲ್ಲ. ನಮ್ಮ ಗತಿ? ಗೋದಾಮಿನಿಂದ ಹನ್ನೆರಡು ಸಾವಿರ ಚೀಲ ಅಕ್ಕಿ ಎದ್ದು ಹೋಯಿತು ಎಂದು ಬರೆದರೆ ಸಾಮಾನ್ಯ ವಿವೇಕದ ಮನುಷ್ಯ ಏನೆಂದುಕೊಳ್ಳಬೇಕು? ಐಬಿಯಲ್ಲಿ ಮಾತಾಡಿದ್ದು ನಾನೇ, ಆದರೆ ಹಾಗೆ ಮಾತಾಡಿದ್ದಲ್ಲ ಎಂದರೆ? ನಮ್ಮಲ್ಲಿ ನಗು ಬರುವುದೆಲ್ಲ ನಿಜ, ನಂಬಲಾಗದ್ದೆಲ್ಲ ದಾಖಲೆಯಲ್ಲಿದೆ. ಕರಡಿನ ಪ್ರಕಾರ ವ್ಯಂಗ್ಯ ಬರೆಯಬೇಕೆಂದರೆ ಈ ಜಿಲ್ಲೆಯಲ್ಲಿ ಹೀಗೆ ಬರೆಯಬೇಕಾದೀತು: ಅಕ್ಕಿ ಎಲ್ಲಿತ್ತೋ ಅಲ್ಲೇ ಇದೆ, ಕೊನೆ ಹೊಲಕ್ಕೂ ನೀರು ಬಂತು, ಶಾಸಕರನ್ನು ಯಾರೂ ಕರೆಯಲಿಲ್ಲ, ಕರೆದರೂ ಯಾರೂ ಹೋಗಲಿಲ್ಲ. ಇದನ್ನು ಯಾವ ವಿವೇಕಿಯೂ ನಿಜವೆಂದು ನಂಬುವುದಿಲ್ಲ. ಜೈಲಿನ ಭಯವಿಲ್ಲದೆ ಅಚ್ಚು ಹಾಕಬಹುದು.

ಪರದೇಶಿ ವಿದೂಷಕನಿಗೆ ಕ್ಯಾಮೆರಾ ಬೇಕಂತೆ. ನಮ್ಮಲ್ಲೂ ಇದೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೋಣೆ ಕೋಣೆಯಲ್ಲೂ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. ಅಧಿಕಾರಿಗಳು ಕಚೇರಿಯಲ್ಲಿ ಕೂತು, ಹದಿನಾರು ವರ್ಷದ ಮಕ್ಕಳು ಅತ್ತಿತ್ತ ಕತ್ತು ತಿರುಗಿಸುತ್ತಾರೋ ಎಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದರು. ಇಡೀ ಜಿಲ್ಲೆಯಲ್ಲಿ ಸರ್ಕಾರ ಇಷ್ಟು ನಿಗಾ ಇಟ್ಟು ಕಾದದ್ದು ಆ ಮಕ್ಕಳನ್ನಷ್ಟೇ. ಆ ವರ್ಷ ಕೃಪಾಂಕ ಹೆಚ್ಚಿಸಿ ಕೊಟ್ಟ ಮೇಲೂ ಯಾದಗಿರಿಯ ಫಲಿತಾಂಶ ಶೇ 50.59, ರಾಜ್ಯದಲ್ಲೇ ಕೊನೆಯ ಸ್ಥಾನ. ಮರುವರ್ಷ, 2025ರ ದ್ವಿತೀಯ ಪಿಯುಸಿಯಲ್ಲಿ ಶೇ 48.45. ಅಲ್ಲೂ ಕೊನೆಯ ಸ್ಥಾನವೇ.